ರೇಡಿಯೋದ ಮುಂದಿನ ಅರಿವೆ

ಹಳೆಯ ವಾಲ್ವ್ ರೇಡಿಯೋದ ಧ್ವನಿವರ್ಧಕದ ಮುಂದೆ ಬಿಗಿದ ಅರಿವೆಯು ಕೇವಲ ಅಲಂಕಾರವಲ್ಲ. ಒಳಗಿನ ಕಾಗದದ ಶಂಕುವನ್ನು ಧೂಳಿನಿಂದ ಕಾಯುವುದೂ ಧ್ವನಿಗೆ ದಾರಿ ಬಿಡುವುದೂ ಅದರ ಧರ್ಮ. ಅದು ಹರಿದಾಗ ಅಂದಕ್ಕೆ ಮಾರುಹೋಗಿ ದಪ್ಪ ಬಟ್ಟೆ ಅಂಟಿಸುವುದು ತಪ್ಪೆಂದು ನನ್ನ ಅಭಿಪ್ರಾಯ.

ಇಳಕಲ್ಲಿನ ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಅಜ್ಜ ನೇಕಾರರು, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಕೇಳುತ್ತಲೇ ಮಗ್ಗ ನಡೆಸಿದವರು. ಇಲಿ ಕಡಿದ ಅರಿವೆಯ ಜಾಗದಲ್ಲಿ ನಾನು ಗುಳೇದಗುಡ್ಡದ ಖಣ ಅಂಟಿಸಿದೆ. ನೋಟಕ್ಕೇನೋ ಚೆಂದ; ಆದರೆ ಅದರ ದಟ್ಟ ನೇಯ್ಗೆಯಲ್ಲಿ ತಾರಸ್ವರಗಳು ಅಡಗಿ, ಮಾತು ಮಂಕಾಯಿತು. “ನನ್ನ ಕಿವಿ ಮಂದ ಆಗ್ಯಾವಪಾ” ಎಂದು ಅಜ್ಜ ರೇಡಿಯೋ ಹಚ್ಚುವುದನ್ನೇ ಬಿಟ್ಟರು.

ಕೆಲವು ತಿಂಗಳ ಮೇಲೆ ನನಗೆ ಅನುಮಾನ ಬಂದು, ಖಣವನ್ನು ಬಿಚ್ಚಿ ಬಾಯಿಗೆ ಹಿಡಿದು ಊದಿದೆ. ಉಸಿರು ಆಚೆ ದಾಟಲೊಲ್ಲದು. ಆಮೇಲೆ ಜಾಳಾದ ಹತ್ತಿಯ ಅರಿವೆಯನ್ನು ಹಾಸುಹೊಕ್ಕು ಡೊಂಕಾಗದಂತೆ ಬಿಗಿದು ಕೂರಿಸಿದವರು ಅಜ್ಜನೇ. ಮಾತು ಮತ್ತೆ ತಿಳಿಯಾಯಿತು.

ಮಿತ್ರರೇ, ಅರಿವೆ ಹಚ್ಚುವ ಮೊದಲು ಊದಿ ನೋಡಿರಿ. ಹಳೆಯದರ ದನಿ ಕುಗ್ಗಿತೆನ್ನುವ ಮುನ್ನ, ಅದರ ಬಾಯಿಗೆ ನಾವೇನು ಕಟ್ಟಿದ್ದೇವೆಂದು ವಿಚಾರಿಸುವುದು ಕಲಿತವರಿಗೆ ತಕ್ಕದ್ದು.