ಬಾಗಿಲು ಹಾಕಿಕೊಂಡ ಮೇಲೆ

ಈ ಸಲ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯಿಂದ ಅಚ್ಚಿಗೆಂದು ನಮ್ಮ ಬಳಗಕ್ಕೆ ಬಂದ ಕತೆಗಳಲ್ಲಿ ಪ್ರೇಮ, ಮದುವೆ, ಮನೆ ಬಿಟ್ಟು ಓಡಿಹೋಗುವುದು ಎಲ್ಲವೂ ಧಾರಾಳವಾಗಿದೆ. ಪ್ರಸ್ತದ ರಾತ್ರಿಯೂ ಹಲವು ಕತೆಗಳಲ್ಲಿ ಬರುತ್ತದೆ. ಅಲ್ಲಿಗೆ ಬಂದ ಕೂಡಲೇ ಹೆಚ್ಚಿನವರು ಹಿಡಿಯುವುದು ಒಂದೇ ದಾರಿ. ಯಾರೋ ಹೊರಗಿನಿಂದ ಚಿಲಕ ಹಾಕುತ್ತಾರೆ, ನಾಲ್ಕು ಚುಕ್ಕೆ ಬೀಳುತ್ತವೆ, ಮುಂದಿನ ಸಾಲಿಗೆ ಬೆಳಗಾಗಿರುತ್ತದೆ. ಹುಡುಗಿ ಒಪ್ಪಿದಳೋ, ಹೆದರಿದಳೋ, ಬೇರೆ ದಾರಿಯಿಲ್ಲದೆ ಸುಮ್ಮನಾದಳೋ, ಗೊತ್ತಾಗುವುದಿಲ್ಲ.

ಶಿಡ್ಲಘಟ್ಟ ಸೀಮೆಯ ಒಂದು ಕತೆ ರೇಷ್ಮೆಯ ಹುಳುಮನೆಯಲ್ಲಿ ನಡೆಯುತ್ತದೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ. ಕೂಲಿಗೆ ಬಂದ ಹೆಂಗಸು, ತೋಟದ ಯಜಮಾನ, ಇಬ್ಬರೇ. ಹಣ್ಣು ಹುಳು ಆಯುವ ಬೆರಳುಗಳ ವೇಗ, ಸೊಪ್ಪಿನ ವಾಸನೆ, ಕೆಳಗೆ ಉದುರಿದ ಸುಣ್ಣ, ಎಲ್ಲ ಕಣ್ಣಿಗೆ ಕಟ್ಟುವಂತಿದೆ. ಯಜಮಾನ ಕೈ ಹಿಡಿಯುತ್ತಾನೆ. "ಬೇಡ ಸಾಮಿ, ಬಿಡಿ" ಅನ್ನುತ್ತಾಳೆ. ಎರಡು ವಾಕ್ಯ ಕಳೆಯುವುದರೊಳಗೆ ಆಕೆಯ ಮೈ ಅರಳಿಬಿಡುತ್ತದೆ. ಮನೆಯಲ್ಲಿ ಕಾಯಿಲೆಯೆಂದು ಆಕೆ ಅವನ ಹತ್ತಿರ ಮುಂಗಡ ಪಡೆದಿದ್ದಾಳೆ ಎಂದು ಕತೆಯೇ ಮೊದಲು ಹೇಳಿದೆ. ಆ ಸಾಲ ತಲೆಯ ಮೇಲಿರುವಾಗ ಬೇಡವೆಂದದ್ದು ಬೇಕು ಎಂದಾದದ್ದು ಹೇಗೆ? ಹುಳು ಪೊರೆ ಬಿಡುವ ನಾಲ್ಕು ಜ್ವರಗಳನ್ನೂ ಲೆಕ್ಕವಿಟ್ಟು ಬರೆದ ಕತೆಗಾರರು ಇದೊಂದನ್ನು ಹಾರಿಸಿಬಿಟ್ಟಿದ್ದಾರೆ. ಈ ಪ್ರಶ್ನೆಯನ್ನು ಬರೆದು ಕತೆಯನ್ನು ವಾಪಸು ಕಳಿಸಿದ್ದೇವೆ. ಅವರಿಗೆ ಬರೆಯುವ ಶಕ್ತಿ ಇದೆ, ಇನ್ನೊಮ್ಮೆ ಬರೆಯಲಿ ಎಂಬ ಆಸೆ ನಮಗಿದೆ.

1950ರ ಆಸುಪಾಸಿನಲ್ಲಿ ಅ.ನ.ಕೃ. ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳ ಮೇಲೆ ಅಶ್ಲೀಲತೆಯ ದೂರು ಎದ್ದಾಗ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ಬಹುಕಾಲ ನಮ್ಮ ಜಗಳವೆಲ್ಲ ಮೈಯನ್ನು ಎಷ್ಟು ತೋರಿಸಬಹುದು ಎಂಬುದರ ಸುತ್ತಲೇ ಸುತ್ತಿತು. ಇಬ್ಬರಿಗೂ ಮನಸ್ಸಿತ್ತೇ ಎಂದು ಕೇಳಿದವರು ಕಡಿಮೆ. ಚುಕ್ಕೆ ಹಾಕಿ ಮರ್ಯಾದೆ ಉಳಿಸಿಕೊಂಡ ಕತೆಯೊಳಗೆ ಬಲಾತ್ಕಾರ ನಡೆದಿರಬಹುದು, ಎಲ್ಲ ಬಿಚ್ಚಿ ಬರೆದ ಕತೆಯಲ್ಲಿ ಗೌರವವಿರಬಹುದು. 'ಸಂಸ್ಕಾರ' ಕಾದಂಬರಿಯಲ್ಲಿ (1965) ಕಾಡಿನ ಕತ್ತಲಲ್ಲಿ ಪ್ರಾಣೇಶಾಚಾರ್ಯರು, ಚಂದ್ರಿ ಕೂಡುವಾಗ ಅನಂತಮೂರ್ತಿಯವರು ಚಂದ್ರಿಯ ಮನಸ್ಸಿನೊಳಕ್ಕೂ ಹೋಗುತ್ತಾರೆ. ಆಕೆಗೆ ಏನು ಬೇಕಿತ್ತು ಎಂಬುದು ನಮಗೆ ತಿಳಿಯುತ್ತದೆ.

ಈ ವಿಷಯದಲ್ಲಿ ನನ್ನನ್ನು ಬಿಡದೆ ಕಾಡುವುದು ಗಿರೀಶ ಕಾರ್ನಾಡರ 'ನಾಗಮಂಡಲ'. ಎ.ಕೆ. ರಾಮಾನುಜನ್ ಹೇಳಿದ ಜನಪದ ಕತೆಯಿಂದ ಹುಟ್ಟಿದ ನಾಟಕ. 1997ರಲ್ಲಿ ನಾಗಾಭರಣರ ಸಿನಿಮಾ ಆದಮೇಲೆ ನಾಟಕ ನೋಡದವರಿಗೂ ಕತೆ ಗೊತ್ತು. ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗೆ ಕೂಡಿ ಬೀಗ ಹಾಕುತ್ತಾನೆ, ಮಧ್ಯಾಹ್ನ ಉಂಡು ಹೋಗುತ್ತಾನೆ. ರಾತ್ರಿ ನಾಗ ಅವನ ರೂಪದಲ್ಲಿ ಬರುತ್ತಾನೆ. ಬಂದವನು ಮೊದಲು ಆಕೆಯ ಅಪ್ಪ ಅಮ್ಮನ ಮಾತೆತ್ತುತ್ತಾನೆ, ನಿದ್ದೆಹೋದವಳನ್ನು ಮಲಗಲು ಬಿಡುತ್ತಾನೆ. ಗಂಡನಲ್ಲಿಲ್ಲದ ತಾಳ್ಮೆ ಅವನಲ್ಲಿದೆ. ಆದರೆ ಮುಖವೇ ಸುಳ್ಳು. ರಾಣಿ ಒಪ್ಪಿದ್ದು ಗಂಡನೆಂದು, ಬಂದವನು ಬೇರೆ. ಪ್ರೇಮ ಎಷ್ಟೇ ಇರಲಿ, ಈ ಮೋಸವನ್ನು ಮರೆಯಲು ನನ್ನಿಂದಾಗದು. ಆಮೇಲೆ ರಾಣಿ ಬಸುರಿಯಾಗಿ ಪಂಚಾಯಿತಿ ಸೇರುತ್ತದೆ. ಹಿರಿಯರಿಗೆ ಬೇಕಾದ್ದು ಆಕೆ ಯಾರನ್ನು ಮುಟ್ಟಿದಳು ಎಂಬುದಷ್ಟೇ. ಹಾವು ಹಿಡಿದು ಪ್ರಮಾಣ ಮಾಡಿದ ರಾಣಿ ಜನರ ಕಣ್ಣಿಗೆ ದೇವಿಯಾಗುತ್ತಾಳೆ. ಬೀಗ ಹಾಕಿಟ್ಟವನ ವಿಚಾರಣೆಯಂತೂ ಆಗುವುದೇ ಇಲ್ಲ. ಇದನ್ನೆಲ್ಲ ಕಾರ್ನಾಡರು ಮುಚ್ಚಿಡದೆ ನಮ್ಮ ಮುಂದೆ ನಡೆಸುತ್ತಾರೆ, ಅದಕ್ಕೇ ಆ ನಾಟಕ ದೊಡ್ಡದು.

ಅತ್ಯಾಚಾರಕ್ಕೊಳಗಾದವಳು ಕಿರುಚಬೇಕು, ಇಲ್ಲವೇ ಬಾವಿ ಹಾರಬೇಕು. ಸಿನಿಮಾ, ಧಾರಾವಾಹಿ, ಕಾದಂಬರಿಗಳು ಸೇರಿ ಎರೆದ ಈ ಅಚ್ಚು ಪುಸ್ತಕದಾಚೆಗೂ ಕೆಲಸ ಮಾಡುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನಿನ ಆದೇಶವೊಂದು, ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದಿತು. ಮರುತಿಂಗಳು ಆ ಮಾತನ್ನು ಆದೇಶದಿಂದ ತೆಗೆಯಲಾಯಿತು. ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತು ಎನ್ನುವಂತಿಲ್ಲ ಎಂದು 2013ರ ತಿದ್ದುಪಡಿಯೇ ಸ್ಪಷ್ಟವಾಗಿ ಹೇಳಿತ್ತು. ಗಂಡನ ವಿಷಯಕ್ಕೆ ಬಂದರೆ ಕಾನೂನೂ ಹಿಂಜರಿಯುತ್ತದೆ. ಹೆಂಡತಿ ಹೊರಿಸಿದ ಅತ್ಯಾಚಾರದ ಆರೋಪವನ್ನು ರದ್ದುಮಾಡಲು 2022ರ ಮಾರ್ಚಿನಲ್ಲಿ ಇದೇ ಹೈಕೋರ್ಟ್ ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ, 18 ದಾಟಿದ ಹೆಂಡತಿಯ ಮೇಲೆ ಗಂಡ ಎಸಗಿದ್ದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಹಾಗೇ ಉಳಿದಿದೆ. ಕಾನೂನು ಹೊಸ್ತಿಲಲ್ಲೇ ನಿಂತ ಆ ಕೋಣೆಯೊಳಕ್ಕೆ ಕತೆ ಹೋಗಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಗೌರಿಬಿದನೂರಿನಿಂದ ಬಂದ ಒಂದು ಕತೆ ಆ ಕೋಣೆಯೊಳಕ್ಕೆ ಹೋಗಿದೆ. ಇಬ್ಬರೂ ಗಾರ್ಮೆಂಟ್ಸ್ ಕೆಲಸದವರು, ಮನೆಯವರು ನೋಡಿ ಮಾಡಿದ ಮದುವೆ. "ಭಯ ಆಯ್ತದಾ?" ಎನ್ನುತ್ತಾನೆ ಹುಡುಗ. "ಭಯ ಅಲ್ಲ. ನೀವು ಯಾರೋ ಏನೋ ಅನ್ನಿಸ್ತದೆ." ಅವನು ಚಕ್ಕುಲಿ ತಟ್ಟೆ ನಡುವೆ ಇಟ್ಟು ತನ್ನ ಶಿಫ್ಟು, ಸೂಪರ್‌ವೈಸರನ ಕಾಟ, ತಂಗಿ ಮದುವೆಯ ಸಾಲ ಎಲ್ಲ ಹೇಳುತ್ತ ಕೂರುತ್ತಾನೆ. ಎಷ್ಟೋ ದಿನದ ಮೇಲೆ ಆಕೆಯೇ ಅವನ ಕೈ ಹಿಡಿದಾಗ "ನಿಜವಾಗ್ಲೂನಾ?" ಎಂದು ಕೇಳುತ್ತಾನೆ. ಇಷ್ಟೆಲ್ಲ ಕೇಳಿಕೊಂಡು ಕೂತರೆ ಸರಸ ಎಲ್ಲಿ ಬಂತು ಎಂದು ನಮ್ಮ ಬಳಗದಲ್ಲೇ ಒಬ್ಬರು ಕೇಳಿದರು. ನನಗೆ ಕಂಡ ಸರಸ ಆ ಕೇಳುವುದರಲ್ಲೇ ಇದೆ. ಕತೆಯಿಂದ ಒಂದಕ್ಷರವನ್ನೂ ತೆಗೆಯದೆ ಅಚ್ಚು ಹಾಕಿದ್ದೇವೆ.