ಕಾಕಾನ ಸ್ಲೈಡು ಪೆಟ್ಟಿಗೆ

ಮುಂಬಯಿ, ಠಾಣೆ, ಡೊಂಬಿವಲಿ ಕಡೆ ಈಗ ಯಾರ ಮನೆಗೆ ಹೋದರೂ ರೀಡೆವಲಪ್‌ಮೆಂಟಿನದೇ ಮಾತು. ಬಿಲ್ಡರ್ ಎಷ್ಟು ಚದರಡಿ ಹೆಚ್ಚು ಕೊಡುತ್ತಾನೆ, ತಿಂಗಳ ಬಾಡಿಗೆ ಎಷ್ಟು ಕೊಡುತ್ತಾನೆ, ಎಷ್ಟು ವರ್ಷ ಹೊರಗಿರಬೇಕು. ಈ ಲೆಕ್ಕದಲ್ಲಿ ಯಾರೂ ಹಿಡಿಯದಿರುವುದು ಅಟ್ಟದ ಮೇಲಿನ ಸಾಮಾನು. ಹಿತ್ತಾಳೆ ಕೊಳಗ ಭಂಗಾರ್‌ವಾಲಾನ ತಕ್ಕಡಿಗೆ ಹೋಗುತ್ತದೆ, ಹಳೆ ದೀಪಾವಳಿ ಸಂಚಿಕೆಗಳು ರದ್ದಿಗೆ ಹೋಗುತ್ತವೆ. ಫೋಟೊ ಸ್ಲೈಡು, ನೆಗೆಟಿವ್‌ಗಳನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ.

ನಮ್ಮ ಕಾಕಾ ತೀರಿಕೊಂಡು ಹನ್ನೊಂದು ವರ್ಷವಾಯಿತು. ರೈಲ್ವೆಯಲ್ಲಿದ್ದವರು, ಡೊಂಬಿವಲಿಯಲ್ಲಿ ಮನೆ. ಅವರ ಬಿಲ್ಡಿಂಗ್ ಈ ದೀಪಾವಳಿಯ ಹೊತ್ತಿಗೆ ಖಾಲಿಯಾಗಬೇಕು. ಅಟ್ಟದಿಂದ ಇಳಿದದ್ದು ನಾಲ್ಕು ತಗಡಿನ ಡಬ್ಬಿ: ಸುಮಾರು 700 ಸ್ಲೈಡು, ಅದರ ಜೊತೆ ಬಟರ್ ಪೇಪರಿನಲ್ಲಿ ಸುತ್ತಿದ ಕಪ್ಪು-ಬಿಳುಪು ನೆಗೆಟಿವ್‌ಗಳು. ಟೆಕ್ಸಾಸಿನಲ್ಲಿರುವ ಅವರ ಮಗ ಫೋನಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ. ಎಲ್ಲ ಸ್ಕ್ಯಾನ್ ಮಾಡಿಸಿ ಕ್ಲೌಡಿಗೆ ಹಾಕಿಬಿಡು, ಉಳಿದದ್ದನ್ನು ಎಸೆ.

ನಾನು ಒಪ್ಪಲಿಲ್ಲ. ಸ್ಕ್ಯಾನಿಂಗ್ ಬೇಡವೆಂದಲ್ಲ. ಹೆಸರಿಲ್ಲದ 700 ಚಿತ್ರಗಳು ಡಬ್ಬಿಯಲ್ಲಿದ್ದರೇನು, ಕ್ಲೌಡಿನಲ್ಲಿದ್ದರೇನು? ಅದರಲ್ಲಿ ಯಾರು ಯಾರು ಎಂದು ಹೇಳಬಲ್ಲವರು ಈಗ ಕಾಕು ಒಬ್ಬರೇ. ಅವರಿಗೆ 83. ಮೊದಲು ಅವರು ನೋಡಬೇಕು, ಆಮೇಲೆ ಮಿಷನ್ನು.

ಅದಕ್ಕೆ ಬೇಕಾದದ್ದು ಅದೇ ಡಬ್ಬಿಯಲ್ಲಿತ್ತು. ಅಂಗೈಯಲ್ಲಿ ಹಿಡಿಯುವ ಸ್ಲೈಡ್ ವ್ಯೂವರ್. ಸಾಬೂನಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮುಂದೆ ಒಂದು ಚೌಕ ಮಸೂರ, ಒಳಗೆ ಹಾಲುಬಣ್ಣದ ಪ್ಲಾಸ್ಟಿಕ್ಕಿನ ಪರದೆ, ಅದರ ಹಿಂದೆ ಟಾರ್ಚಿನ ಬಲ್ಬು, ಕೆಳಗೆ ಎರಡು ಸೆಲ್ಲು. ಮೇಲಿನ ಸೀಳಿನಿಂದ ಸ್ಲೈಡು ಇಳಿಸಿ ಒತ್ತಿದರೆ ಒಳಗಿನ ಪತ್ತಿ ತಾಗಿ ಬಲ್ಬು ಹತ್ತುತ್ತದೆ, ತೆಗೆದರೆ ಆರುತ್ತದೆ. ಅಷ್ಟೇ ಯಂತ್ರ. ಹಳೆಯ ಸೆಲ್ಲು ಸೋರಿ ಪತ್ತಿಗೆ ಹಸಿರು ಕಿಲುಬು ಹಿಡಿದಿತ್ತು. ಉಗುರು ತಿಕ್ಕುವ ಕಾಗದದಿಂದ ಉಜ್ಜಿದೆ, ಹೊಸ ಸೆಲ್ಲು ಹಾಕಿದೆ, ಹತ್ತಿತು. ನಮ್ಮಲ್ಲಿ ಬಹಳ ಜನ ಚಿಕ್ಕಂದಿನಲ್ಲಿ ವ್ಯೂ-ಮಾಸ್ಟರಿನಲ್ಲಿ ಕಣ್ಣಿಟ್ಟು ಖಟ್ ಎಂದು ಗುಂಡಿ ಒತ್ತಿದವರೇ. ಅದರ ಒಂದು ಚಕ್ರದಲ್ಲಿ 14 ಪುಟ್ಟ ಫಿಲ್ಮುಗಳಿರುತ್ತಿದ್ದವು, ಎರಡು ಕಣ್ಣಿಗೆ ಎರಡರಂತೆ ಏಳು ದೃಶ್ಯ. ಇದು ಅದರ ಒಂಟಿಗಣ್ಣಿನ ಬಂಧು.

ಕಾಕುಗೆ ಮೊಬೈಲಿನಲ್ಲಿ ಫೋಟೊ ತೋರಿಸಿದರೆ ಆಗುವುದಿಲ್ಲ. ಬೆರಳು ನಡುಗಿ ಚಿತ್ರ ಎಲ್ಲಿಗೋ ಜಾರುತ್ತದೆ, ಟ್ಯೂಬ್‌ಲೈಟು ಗಾಜಿನಲ್ಲಿ ಹೊಳೆಯುತ್ತದೆ, "ಏನೂ ಕಾಣವಲ್ತು, ತಗೀ ಅತ್ತಾಗ" ಎನ್ನುತ್ತಾರೆ. ವ್ಯೂವರಿನಲ್ಲಿ ಹೊರಗಿನ ಬೆಳಕಿಲ್ಲ, ಒತ್ತುವುದಿಲ್ಲ, ಜಾರುವುದಿಲ್ಲ. ಚಾಳೀಸು ಹಾಕಿಕೊಂಡೇ ನೋಡಬಹುದು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಒಂದೊಂದಕ್ಕೂ ನಾಲ್ಕಾರು ನಿಮಿಷ ತೆಗೆದುಕೊಂಡರು. ನಾನು ನೋಟುಪುಸ್ತಕ ಹಿಡಿದು ಪಕ್ಕದಲ್ಲಿ ಕೂತೆ.

ಸ್ಲೈಡೆಂದರೇನು ಎಂದು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. 50 ಮಿಲಿಮೀಟರಿನ ಚೌಕಟ್ಟು, ಒಳಗೆ 24ಕ್ಕೆ 36 ಮಿಲಿಮೀಟರಿನ ಫಿಲ್ಮು. ಇದು ನೆಗೆಟಿವಿನಿಂದ ತೆಗೆದ ಪ್ರತಿಯಲ್ಲ. ಕ್ಯಾಮೆರಾದೊಳಗೆ ಆ ಹೊತ್ತಿನ ಬೆಳಕು ಬಿದ್ದ ಫಿಲ್ಮೇ ತೊಳೆದ ಮೇಲೆ ಚಿತ್ರವಾಗುತ್ತದೆ. ಅಂದರೆ ಕೈಯಲ್ಲಿರುವ ಈ ತುಂಡು ಆ ದಿನ ಆ ಅಂಗಳದಲ್ಲಿತ್ತು. ನನಗೆ ಇದು ಗೊತ್ತಿದ್ದ ವಿಷಯವೇ, ಆದರೂ ಡಬ್ಬಿ ಮುಂದಿಟ್ಟುಕೊಂಡಾಗ ಮೈ ಜುಮ್ಮೆಂದಿತು.

ಕಾಕಾನ ಕೈಗೆ ಕೊಡಾಕ್ರೋಮ್ ಸಿಕ್ಕಿದ್ದು ಕಡಿಮೆ. 1935ರಲ್ಲಿ ಶುರುವಾಗಿ 2009ರಲ್ಲಿ ನಿಂತ ಆ ಫಿಲ್ಮನ್ನು ಕತ್ತಲಲ್ಲಿಟ್ಟರೆ ಬಣ್ಣ ಹತ್ತಾರು ವರ್ಷ ಕೆಡುವುದಿಲ್ಲ. ಯಾರೋ ವಿದೇಶದಿಂದ ತಂದುಕೊಟ್ಟ ಎರಡು ರೋಲಿನ ಸ್ಲೈಡುಗಳಲ್ಲಿ ಕಾಕುವಿನ ಇಳಕಲ್ ಸೀರೆಯ ಕೆಂಪು ಸೆರಗು ನಿನ್ನೆ ಉಟ್ಟಂತಿದೆ. ಉಳಿದದ್ದು ಬಹುಪಾಲು ಓರ್ವೋ. ಪೂರ್ವ ಜರ್ಮನಿಯ ವೋಲ್ಫೆನ್ ಊರಿನ ಕಾರ್ಖಾನೆಯದು, 'ಒರಿಜಿನಲ್ ವೋಲ್ಫೆನ್' ಎಂಬುದರ ಗಿಡ್ಡ ರೂಪ. ಆ ದೇಶದೊಡನೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದ ಕಾಲ, ಹಾಗಾಗಿ ನಮ್ಮ ಪೇಟೆಗಳಲ್ಲಿ ಸಿಗುತ್ತಿತ್ತು. ಈ ಡಬ್ಬಿಯ ಓರ್ವೋಗಳಲ್ಲಿ ಅರ್ಧಕ್ಕರ್ಧ ಕೆಂಪಗೆ ತಿರುಗಿವೆ. ಆಕಾಶ ಗುಲಾಬಿ, ಬೇವಿನ ಮರ ಕಂದು. ಆದರೂ ಮುಖ ಗುರುತು ಸಿಗುತ್ತದೆ. ನಮಗೆ ಬೇಕಾದದ್ದು ಮುಖ.

ಮೊದಲ ಡಬ್ಬಿ ಸರಾಗವಾಗಿ ಹೋಯಿತು. ಕಾರ್ಲಾ ಗುಹೆ, ಗೋಳಗುಮ್ಮಟ, ಬಾದಾಮಿ, ಮತ್ತೆ ಕಾರ್ಲಾ ಗುಹೆ. ಕಾಕು ಬೇಸತ್ತರು. "ಕಲ್ಲು ಎಷ್ಟ ತಗದಾರ ನೋಡು. ಮನಷ್ಯಾರನ್ನ ತಗೀರಿ ಅಂದ್ರ ಕೇಳತಿದ್ದಿಲ್ಲ." ಬಾದಾಮಿಯ ಮೆಟ್ಟಿಲ ಮೇಲೆ ಬೆನ್ನು ಹಾಕಿ ನಿಂತಿದ್ದ ಒಬ್ಬರನ್ನು ನೋಡಿ ಸುಮ್ಮನಾದರು. "ಇವ್ರು ನಮ್ಮ ಮಾವನೋರು. ಧೋತರಾ ಹಿಂಗ ಎತ್ತಿ ಹಿಡಿಯೋದು ಅವ್ರದೊಬ್ಬರದ." ಹಾಗೆ ಬೆನ್ನಿನಿಂದ ಹಿಡಿದ ಗುರುತು ಯಾವ ಸಾಫ್ಟ್‌ವೇರಿಗೆ ಸಿಗುತ್ತದೆ? ಅದಕ್ಕೇ ಹೇಳುವುದು, ಗುಮ್ಮಟದ ಫೋಟೊ ಎಂದು ಎಸೆಯುವ ಮುನ್ನ ಮೂಲೆಯಲ್ಲಿ ನಿಂತವರನ್ನು ನೋಡಬೇಕು.

ಎರಡನೆಯ ಡಬ್ಬಿಯಲ್ಲಿ ಬಾಗಲಕೋಟೆ ಬಂತು. ಕಾಕುವಿನ ತವರು ಹಳೆ ಬಾಗಲಕೋಟೆ, ನದಿಗೆ ಹತ್ತಿರದ ಓಣಿ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಕೆಲಸ ದಶಕಗಟ್ಟಲೆ ಎಳೆಯಿತು. ಕೊನೆಗೆ ಹಿನ್ನೀರು ಘಟಪ್ರಭೆಯ ದಂಡೆಗೆ ಏರಿ ಊರಿನ ತಗ್ಗಿನ ಭಾಗ ಹೋಯಿತು, ಜನ ನವನಗರಕ್ಕೆ ಹೋದರು. ಕಾಕುವಿನ ಅಣ್ಣಂದಿರೂ ಹೋದರು. ಆ ಮನೆಯ ಒಂದು ಫೋಟೊ ಯಾರ ಹತ್ತಿರವೂ ಇಲ್ಲ. ಕಾಕಾ ತೆಗೆದಿದ್ದರು ಎಂಬುದು ಮಾತ್ರ ಕಾಕುವಿಗೆ ನೆನಪು. ನಾನು ವಾರಗಟ್ಟಲೆ ಅವರ ಪಕ್ಕ ಕೂತದ್ದಕ್ಕೆ ನಿಜವಾದ ಕಾರಣ ಅದು.

ಆ ಸ್ಲೈಡು ಸಿಕ್ಕಾಗ ಕಾಕು ಒಪ್ಪಲಿಲ್ಲ. "ಇದು ನಮ್ಮನಿ ಅಲ್ಲ. ಯಾರ ಮನಿನೋ ಏನೋ." ನಾನು ಮತ್ತೆ ನೋಡಿದೆ. ಮಣ್ಣಿನ ಮಾಳಿಗೆ ಮನೆ, ದೊಡ್ಡ ಬಾಗಿಲು, ಬಲಕ್ಕೆ ಕೂಡುವ ಕಟ್ಟೆ. "ನಮ್ಮನಿ ಕಟ್ಟಿ ಎಡಕ್ಕಿತ್ತು. ಅದರ ಮ್ಯಾಲ ಕೂತು ನಾ ಶೇಂಗಾ ಬಿಡಸೀನಿ, ನಂಗ ಗೊತ್ತಿಲ್ಲೇನು?" ಎಂದು ಸಿಟ್ಟೂ ಮಾಡಿದರು.

ಆಗ ಸ್ಲೈಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಫಿಲ್ಮಿಗೆ ಎರಡು ಮೈ. ಒಂದು ನುಣುಪಾಗಿ ಹೊಳೆಯುತ್ತದೆ, ಇನ್ನೊಂದು, ಬಣ್ಣದ ಪದರ ಇರುವುದು, ಮಂಕಾಗಿರುತ್ತದೆ. ಹೊಳೆಯುವ ಮೈ ನಮ್ಮ ಕಡೆಗಿದ್ದರೆ ಎಡಬಲ ಸರಿ. ಲ್ಯಾಬಿನಿಂದ ಚೌಕಟ್ಟಾಗಿ ಬಂದವುಗಳಲ್ಲಿ ಕಾಕಾ ಎಡಗಡೆ ಕೆಳಮೂಲೆಗೆ ಕೆಂಪು ಚುಕ್ಕೆ ಇಟ್ಟಿದ್ದರು. ಕೈಯಲ್ಲಿ ಹಿಡಿದು ನೋಡುವಾಗ ಚುಕ್ಕೆ ಅಲ್ಲಿರಬೇಕೆಂಬುದು ಸ್ಲೈಡಿನವರ ರೂಢಿ. ಇದಕ್ಕೆ ಚುಕ್ಕೆಯೇ ಇರಲಿಲ್ಲ, ಮಂಕು ಮೈ ಎದುರಿಗಿತ್ತು. ತಿರುಗಿಸಿ ಹಾಕಿ ಕೊಟ್ಟೆ.

ಕಾಕು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಬಲ್ಬು ಬಿಸಿಯಾಗುತ್ತದೆ, ಸ್ವಲ್ಪ ಬಿಡಿ ಎಂದು ಹೇಳಬೇಕಾಗಿತ್ತು, ಹೇಳಲಿಲ್ಲ. ಆಮೇಲೆ ಅವರೇ ಹೇಳತೊಡಗಿದರು: ಬಾಗಿಲ ಪಕ್ಕದ ಗೂಡು ದೀಪಕ್ಕೆ, ಕಟ್ಟೆಯ ಹಿಂದಿನ ಕಿಂಡಿ ದನದ ಕೊಟ್ಟಿಗೆಯದು, ಹೊಸ್ತಿಲ ಹತ್ತಿರದ ಬಿಳಿ ಚುಕ್ಕೆ ಅವರ ಅವ್ವ ಬರೆದ ರಂಗೋಲಿ. ನೋಟುಪುಸ್ತಕದಲ್ಲಿ ಆ ಒಂದು ಸ್ಲೈಡಿಗೆ ಮೂರು ಪುಟವಾಯಿತು. ಸ್ಕ್ಯಾನ್ ಮಾಡುವ ಹುಡುಗನಿಗೆ ಎಡಬಲದ ವ್ಯತ್ಯಾಸ ತಿಳಿಯುವ ದಾರಿ ಇರಲಿಲ್ಲ, ಬೋರ್ಡು, ಅಕ್ಷರ ಏನೂ ಆ ಚಿತ್ರದಲ್ಲಿಲ್ಲ.

ನೆಗೆಟಿವ್‌ಗಳದು ಬೇರೆ ಪಾಡು. ಅವು ವ್ಯೂವರಿನ ಸೀಳಿಗೆ ಹಿಡಿಸುವುದಿಲ್ಲ. ಹಿಡಿಸಿದರೂ ಕಪ್ಪು ಮುಖ, ಬಿಳಿ ಕೂದಲು ನೋಡಿ ಕಾಕು ನಕ್ಕುಬಿಡುತ್ತಾರೆ. ಇಲ್ಲಿ ಮೊಬೈಲೇ ಉಪಯೋಗಕ್ಕೆ ಬಂತು. ಒಂದು ಫೋನಿನಲ್ಲಿ ಖಾಲಿ ಬಿಳಿ ಪರದೆ, ಅದರಿಂದ ಎರಡು ಬೆರಳು ಎತ್ತರದಲ್ಲಿ ನೆಗೆಟಿವ್. ತಾಗಿಸಿ ಇಟ್ಟರೆ ಪರದೆಯ ಚುಕ್ಕೆಗಳೇ ಕಾಣುತ್ತವೆ. ಇನ್ನೊಂದು ಫೋನಿನ ಸೆಟ್ಟಿಂಗಿನಲ್ಲಿ ಬಣ್ಣ ತಿರುವುಮುರುವು ಮಾಡುವ ಸೌಲಭ್ಯ ಹಾಕಿ ಕ್ಯಾಮೆರಾ ತೆರೆದರೆ ಕಪ್ಪು ಬಿಳಿಯಾಗಿ ಮುಖ ಮೂಡುತ್ತದೆ. ಆರಿಸುವುದಕ್ಕೆ ಇಷ್ಟು ಸಾಕು. ಬಣ್ಣದ ನೆಗೆಟಿವ್‌ಗೆ ಮೈಯೆಲ್ಲ ಕಿತ್ತಳೆ ಛಾಯೆ ಇರುವುದರಿಂದ ಅದು ಹೀಗೆ ನೀಲಿಯಾಗಿ ಬರುತ್ತದೆ, ಹೆದರಬೇಕಿಲ್ಲ.

ನಮ್ಮ ಮುಂಬಯಿ ಮಳೆಗಾಲ ಸುಮಾರು ಅರವತ್ತು ಸ್ಲೈಡುಗಳನ್ನು ತಿಂದಿದೆ. ಬಿಳಿ ಬೇರಿನಂತೆ ಬೂಷ್ಟು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಿ ಚಿತ್ರವೇ ಬಟ್ಟೆಗೆ ಬರುತ್ತದೆ. ಊದುಬುರುಡೆಯಿಂದ ಧೂಳು ಹಾರಿಸಿ, ಸಿಲಿಕಾ ಜೆಲ್ ಪುಡಿಕೆಯ ಜೊತೆ ಬೇರೆ ಡಬ್ಬಿಗೆ ಹಾಕಿದ್ದೇನೆ. ಹುಳಿ, ವಿನಿಗರಿನಂಥ ವಾಸನೆ ಬಂದ ನೆಗೆಟಿವ್‌ಗಳನ್ನೂ ದೂರ ಇಟ್ಟೆ. ಅದು ಅಸಿಟೇಟ್ ಫಿಲ್ಮು ಕೆಡುವ ಗುರುತು, ಪಕ್ಕದವಕ್ಕೂ ಹಬ್ಬುತ್ತದೆ. ರಬ್ಬರ್ ಬ್ಯಾಂಡುಗಳನ್ನೆಲ್ಲ ಕತ್ತರಿಸಿ ಎಸೆದೆ, ಅದರಲ್ಲಿನ ಗಂಧಕ ಬೆಳ್ಳಿಯ ಚಿತ್ರಕ್ಕೆ ವಿಷ.

ಸ್ಕ್ಯಾನಿಗೆ ಕೊಡುವುದು ಈಗ 180 ಮಾತ್ರ. 2400 ಡಿಪಿಐ ಎಂದು ಹೇಳಿದ್ದೇನೆ, ಒಂದು ಸ್ಲೈಡಿಗೆ ಹೆಚ್ಚುಕಡಿಮೆ 3400ಕ್ಕೆ 2270 ಪಿಕ್ಸೆಲ್ ಸಿಗುತ್ತದೆ. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟಿಗೂ ಅದು ಸಾಕು. ಸ್ಕ್ಯಾನಾದ ಮೇಲೂ ಮೂಲವನ್ನು ಎಸೆಯುವುದಿಲ್ಲ ಎಂದು ಟೆಕ್ಸಾಸಿಗೆ ತಿಳಿಸಿದ್ದೂ ಆಗಿದೆ. ಬಾಗಲಕೋಟೆಯ ಮನೆಯ ಚಿತ್ರ ಕಳಿಸಿದಾಗ ಅವನಿಂದ ಎರಡು ದಿನ ಉತ್ತರವಿರಲಿಲ್ಲ. ಆಮೇಲೆ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸಲಾಗುತ್ತದೆಯೇ ಎಂದು ಕೇಳಿದ.

ಬಾಡಿಗೆ ಮನೆಗೆ ಹೋಗುವ ಮುನ್ನ ಒಂದೂವರೆ ಡಬ್ಬಿ ಬಾಕಿ ಇದೆ. ಹಳದಿ ಸೀರೆಯ ಒಬ್ಬ ಹೆಂಗಸು ಹನ್ನೊಂದು ಸ್ಲೈಡುಗಳಲ್ಲಿದ್ದಾಳೆ. ಒಂದರಲ್ಲಿ ಕಾಕುವಿನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾಳೆ. ಕಾಕುಗೆ ಹೆಸರು ನೆನಪಾಗುತ್ತಿಲ್ಲ. ಆ ಹನ್ನೊಂದನ್ನು ಬೇರೆ ಕಟ್ಟಿ ಇಟ್ಟಿದ್ದೇವೆ. ಮುಂದಿನ ವಾರ ಹುಬ್ಬಳ್ಳಿಯಿಂದ ಕಾಕುವಿನ ತಂಗಿ ಬರುತ್ತಾರೆ. ವ್ಯೂವರಿಗೆ ಎರಡು ಹೊಸ ಸೆಲ್ಲು ತಂದಿಟ್ಟಿದ್ದೇನೆ.