ಎರಡು ವಾರ ಕಾಯಿರಿ ಎಂದರೆ ಇಷ್ಟೊಂದು ಸಿಟ್ಟೇಕೆ?

ಹೊಟ್ಟೆ, ಸೊಂಟ, ತೊಡೆ, ಎದೆಯ ಆಕಾರ ತಿದ್ದಿಸಿಕೊಳ್ಳಲು ಕಾಸ್ಮೆಟಿಕ್ ಸರ್ಜರಿಗೆ ಹೊರಟವರಿಗೆ ನಾನು ಹಿಂದಿನ ಲೇಖನದಲ್ಲಿ ಮೂರು ಮಾತು ಹೇಳಿದ್ದೆ. ಆಪರೇಷನ್ ಮಾಡುವ ಡಾಕ್ಟರೇ ಎದುರು ಕೂತು ಮಾತಾಡದಿದ್ದರೆ ಎದ್ದು ಬನ್ನಿ. ಮೊದಲ ಭೇಟಿಯ ದಿನ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ. ಆ ಭೇಟಿಗೂ ಆಪರೇಷನ್ನಿಗೂ ನಡುವೆ ಎರಡು ವಾರ ಬಿಡಿ. ಇಷ್ಟಕ್ಕೇ ಕ್ಲಿನಿಕ್ ನಡೆಸುವವರು ಬೈದಿದ್ದಾರೆ, ಸರ್ಜರಿ ಮಾಡಿಸಿಕೊಂಡು ಸುಖವಾಗಿರುವವರು ಬೈದಿದ್ದಾರೆ. ಸರ್ಜರಿಯೇ ಪಾಪ ಅನ್ನುವವರು ನಾನು ಸಾಕಷ್ಟು ಬೈಯಲಿಲ್ಲವೆಂದು ಬೈದಿದ್ದಾರೆ. ಉತ್ತರಕ್ಕೆ ಅರ್ಹವಾದ ಆಕ್ಷೇಪಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ.

“ಲೈಪೋಸಕ್ಷನ್ ಡೇ ಕೇರ್ ಪ್ರೊಸೀಜರ್. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಅದನ್ನು ಹೃದಯದ ಆಪರೇಷನ್ನಿನಂತೆ ವರ್ಣಿಸಿ ಜನರನ್ನು ಹೆದರಿಸುತ್ತಿದ್ದೀರಿ.”

‘ಸಂಜೆ ಮನೆಗೆ’ ಎಂಬ ಆ ಭರವಸೆಯನ್ನೇ ಹಿಡಿದು ನೋಡೋಣ. ಇವತ್ತು ಬಹುತೇಕ ಕಡೆ ನಡೆಯುವುದು 1980ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ರೂಪಿಸಿದ ಟ್ಯುಮೆಸೆಂಟ್ ವಿಧಾನ. ಸಲೈನ್‌ಗೆ ಮರಗಟ್ಟಿಸುವ ಔಷಧ ಲಿಡೊಕೇನ್, ಅಡ್ರಿನಲಿನ್ ಬೆರೆಸಿ ಚರ್ಮದಡಿಯ ಕೊಬ್ಬಿಗೆ ಲೀಟರುಗಟ್ಟಲೆ ತುಂಬಿಸುತ್ತಾರೆ. ಆಮೇಲೆ ಕ್ಯಾನುಲಾ ಎಂಬ ಕೊಳವೆ ತೂರಿಸಿ ಹೀರುತ್ತಾರೆ. ಇದರಿಂದ ರಕ್ತಸ್ರಾವ ತೀರಾ ಕಡಿಮೆಯಾಯಿತು, ಆಪರೇಷನ್ ಮೊದಲಿಗಿಂತ ಎಷ್ಟೋ ಸುರಕ್ಷಿತವಾಯಿತು. ಸಣ್ಣ ಜಾಗದಿಂದ ಸ್ವಲ್ಪವೇ ಕೊಬ್ಬು ತೆಗೆಯುವುದಾದರೆ ಕ್ಲಿನಿಕ್‌ನವರ ಮಾತು ಬಹುಮಟ್ಟಿಗೆ ನಿಜ, ನನಗೆ ತಕರಾರಿಲ್ಲ. ಆದರೆ ತುಂಬಿಸಿದ ದ್ರವವೆಲ್ಲ ಹೊರಗೆ ಬರುವುದಿಲ್ಲ. ಉಳಿದದ್ದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಲಿಡೊಕೇನ್ ಪ್ರಮಾಣ ತುತ್ತತುದಿ ಮುಟ್ಟುವುದು ಸುಮಾರು 12 ಗಂಟೆಗಳ ಆಚೀಚೆ. ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಆಗಿದ್ದರೆ ಆ ಹೊತ್ತು ರಾತ್ರಿ ಹತ್ತು. ನಾಲಿಗೆ ಜೋಮು ಹಿಡಿಯಿತು, ಕಿವಿ ಗುಂಯ್ ಅಂತು, ತಲೆ ಸುತ್ತಿತು ಎಂದರೆ ಅದು ಔಷಧ ಮಿತಿಮೀರಿದ ಸೂಚನೆ. ಮನೆಯಲ್ಲಿ ಅದನ್ನು ಗುರುತಿಸುವವರು ಯಾರು? ‘ಆಪರೇಷನ್ ಸುಸ್ತು, ಮಲಗಿದರೆ ಸರಿಹೋಗುತ್ತದೆ’ ಅನ್ನುತ್ತಾರೆ. ದ್ರವದ ಲೆಕ್ಕ ತಪ್ಪಿ ಮೈಯಲ್ಲಿ ಹೆಚ್ಚಾಗಿ ಉಳಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದಕ್ಕೇ ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ಹೀರಿದರೆ ರಾತ್ರಿಯಿಡೀ ನಿಗಾದಲ್ಲಿ ಇಡಬೇಕು, ಅಂಥದ್ದನ್ನು ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲೋ ಮಾನ್ಯತೆ ಪಡೆದ ಕೇಂದ್ರದಲ್ಲೋ ಮಾಡಬೇಕು ಎಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘವೇ ಹೇಳಿದೆ. ಹೆದರಿಸುವುದು ನನ್ನ ಉದ್ದೇಶವಾಗಿದ್ದರೆ ನನಗಿಂತ ಮೊದಲು ಹೆದರಿಸಿದವರು ಅವರು.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆಂದು ಹೋಗಿ ತೀರಿಕೊಂಡರು. ವಯಸ್ಸು 21. ಸ್ಥಿತಿ ಬಿಗಡಾಯಿಸಿದ ಮೇಲೆ ಅವರನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಿದ್ದರು. ತಪ್ಪು ಯಾರದೆಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ‘ಇನ್ನೊಂದು ಆಸ್ಪತ್ರೆಗೆ’ ಎಂಬ ಎರಡು ಪದ ಓದಿದಾಗಲೇ ಪ್ರತಿ ರೋಗಿಯೂ ಕೇಳಬೇಕಾದ ಪ್ರಶ್ನೆ ಎದ್ದು ನಿಲ್ಲುತ್ತದೆ: ಏನಾದರೂ ಕೆಟ್ಟರೆ ನನ್ನನ್ನು ಯಾವ ಐಸಿಯುಗೆ ಒಯ್ಯುತ್ತೀರಿ, ಅದು ಇದೇ ಕಟ್ಟಡದಲ್ಲಿದೆಯೇ, ಇಲ್ಲವಾದರೆ ನಮ್ಮೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಎಷ್ಟು ಹೊತ್ತು? ಆಪರೇಷನ್ ಮುಗಿಯುವವರೆಗೂ ಅರಿವಳಿಕೆ ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆಯೇ? ಕರ್ನಾಟಕದಲ್ಲಿ ಪ್ರತಿ ಖಾಸಗಿ ಕ್ಲಿನಿಕ್ಕೂ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯಿದೆಯಡಿ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಕ್ಲಿನಿಕ್ ಯಾವ ವರ್ಗದಲ್ಲಿ ನೋಂದಣಿಯಾಗಿದೆ ಎಂದು ಓದಿ. ಕನ್ಸಲ್ಟೇಷನ್ ರೂಮಿಗೆ ನೋಂದಣಿ ಮಾಡಿಸಿ ಒಳಗೆ ಥಿಯೇಟರ್ ನಡೆಸಿದರೆ ಅದು ಬೇರೆಯೇ ಕಥೆ.

“ಐದು ಸಾವಿರಕ್ಕೆ ಒಂದು ಸಾವು. ರಸ್ತೆಯಲ್ಲಿ ಸಾಯುವವರು ಇದಕ್ಕಿಂತ ಹೆಚ್ಚು.” ಒಬ್ಬ ಡಾಕ್ಟರ್ ಹೀಗೆ ಬರೆದಿದ್ದಾರೆ.

ಅಂಕಿ ಸರಿಯಾಗಿದೆ, ಬಳಸಿದ ರೀತಿ ಸರಿಯಿಲ್ಲ. ಆ ಅಂಕಿ ಕೊಟ್ಟ, 2000ನೇ ಇಸವಿಯಲ್ಲಿ ಪ್ರಕಟವಾದ ಸಮೀಕ್ಷೆ ಕೇಳಿದ್ದು ಅಮೆರಿಕದ ಪ್ರಮಾಣಿತ ಪ್ಲಾಸ್ಟಿಕ್ ಸರ್ಜನ್ನರನ್ನು. ಅಂದರೆ ವರ್ಷಗಟ್ಟಲೆ ತರಬೇತಿ ಪಡೆದವರ ಕೈಯಲ್ಲಿ ಆದ ಸಾವುಗಳ ಲೆಕ್ಕ ಅದು. ಅದರಲ್ಲೂ ಮೊದಲ ಕಾರಣ ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಎರಡು ತಿಂಗಳ ಕೋರ್ಸು ಮುಗಿಸಿ ಬೋರ್ಡು ಹಾಕಿದವರಿಗೂ ಅದೇ ಅಂಕಿ ಅನ್ವಯಿಸುತ್ತದೆ ಎನ್ನಲು ಏನು ಆಧಾರ? ಇಂಥ ಸಾವುಗಳನ್ನು ಕಡ್ಡಾಯವಾಗಿ ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಎಣಿಸದೆ ಇರುವುದನ್ನು ಅಪರೂಪ ಎನ್ನುವುದು ಸುಲಭ.

ಇನ್ನೊಂದು ಸಂಗತಿಯನ್ನು ಆ ಡಾಕ್ಟರ್ ಬಿಟ್ಟಿದ್ದಾರೆ. ಹೊಟ್ಟೆಯ ಕೊಬ್ಬು ತೆಗೆದು ಪೃಷ್ಠಕ್ಕೆ ತುಂಬುವ, ‘ಬ್ರೆಜಿಲಿಯನ್ ಬಟ್ ಲಿಫ್ಟ್’ ಎಂದು ಕರೆಯುವ ಸರ್ಜರಿಯಲ್ಲಿ ಸುಮಾರು 3,000ಕ್ಕೆ ಒಂದು ಸಾವು ಆಗುತ್ತಿದೆ ಎಂದು 2017ರಲ್ಲಿ ಗೊತ್ತಾಯಿತು. ಬ್ರಿಟನ್ನಿನ ಸೌಂದರ್ಯ ಸರ್ಜನ್ನರ ಸಂಘ 2018ರಲ್ಲಿ ತನ್ನ ಸದಸ್ಯರಿಗೆ ಅದನ್ನು ನಿಲ್ಲಿಸಿ ಎಂದಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು: ಕೊಬ್ಬನ್ನು ಸ್ನಾಯುವಿನೊಳಗೆ ಚುಚ್ಚಿದಾಗ ಅಲ್ಲಿನ ದೊಡ್ಡ ರಕ್ತನಾಳ ಹರಿದು ಕೊಬ್ಬು ನೇರ ಹೃದಯ, ಶ್ವಾಸಕೋಶಕ್ಕೆ ಹೋಗುತ್ತಿತ್ತು. ಚರ್ಮದಡಿಯ ಪದರದಲ್ಲೇ ತುಂಬಿಸಿ, ಕೊಳವೆಯ ತುದಿ ಎಲ್ಲಿದೆ ಎಂದು ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಮಾಡಬಹುದು ಎಂದು 2022ರಲ್ಲಿ ಸಂಘ ನಿಲುವು ಸಡಿಲಿಸಿತು. ಅದೇ ಸರ್ಜರಿ, ಒಂದೆರಡು ಸೆಂಟಿಮೀಟರ್ ಆಳದ ವ್ಯತ್ಯಾಸ. ಹಾಗಾಗಿ ಸರಾಸರಿ ಅಂಕಿ ಹೇಳಿ ರೋಗಿಯ ಬಾಯಿ ಮುಚ್ಚಿಸಬೇಡಿ. ‘ನೀವು ಹೇಗೆ ಮಾಡುತ್ತೀರಿ, ಎಷ್ಟು ಮಾಡಿದ್ದೀರಿ, ತೊಡಕಾದಾಗ ಏನು ಮಾಡಿದಿರಿ’ ಎಂದು ಆಕೆ ಕೇಳಲಿ.

“ನಮ್ಮಲ್ಲಿ ತರಬೇತಿ ಪಡೆದ ಕೌನ್ಸೆಲರ್ ಇದ್ದಾರೆ. ಫೋಟೊ ತೋರಿಸಿ ಎಲ್ಲ ವಿವರಿಸುತ್ತಾರೆ. ಸರ್ಜನ್ ಸಮಯವನ್ನು ಮಾತಿಗೆ ವ್ಯಯ ಮಾಡಬೇಕೆ?”

ಮಾಡಬೇಕು. ಈ ಆಕ್ಷೇಪಕ್ಕೇ ಇಡೀ ಲೇಖನ ಮೀಸಲಿಡಬಹುದಿತ್ತು. ಎಲ್ಲರೂ ಹಾಗಲ್ಲದಿರಬಹುದು, ಆದರೆ ಎಷ್ಟೋ ಕಡೆ ಕೌನ್ಸೆಲರ್ ಎಂಬ ಹೆಸರಿನ ಕುರ್ಚಿಯಲ್ಲಿ ಕೂತವರಿಗೆ ತಿಂಗಳಿಗಿಷ್ಟು ಬುಕಿಂಗ್ ಎಂಬ ಗುರಿ ಇರುತ್ತದೆ. ‘ಇವತ್ತೇ ಕನ್ಫರ್ಮ್ ಮಾಡಿದರೆ ಡಿಸ್ಕೌಂಟ್, ಹೊಟ್ಟೆಯ ಜತೆಗೆ ತೋಳಿನದು ಫ್ರೀ’ ಎನ್ನುವ ಬಾಯಿಂದ ‘ನಿಮಗೆ ಇದು ಬೇಡ’ ಎಂಬ ಮಾತು ಹೊರಡುವುದಿಲ್ಲ. ಸಮಾಲೋಚನೆಯ ಅತಿ ಮುಖ್ಯ ಫಲವೇ ಆ ‘ಬೇಡ’.

ಯೋಚಿಸಿ. ಹೊಟ್ಟೆ ಮುಂದೆ ಬಂದಿರುವುದು ಚರ್ಮದಡಿಯ ಕೊಬ್ಬಿನಿಂದಲೋ, ಕರುಳಿನ ಸುತ್ತಲಿನ ಕೊಬ್ಬಿನಿಂದಲೋ, ಹೆರಿಗೆಯ ನಂತರ ಸಡಿಲಗೊಂಡ ಸ್ನಾಯುವಿನಿಂದಲೋ? ಎರಡನೆಯದಾದರೆ ಲೈಪೋಸಕ್ಷನ್ ಮುಟ್ಟುವುದೇ ಇಲ್ಲ. ಮೂರನೆಯದಾದರೆ ಬೇಕಾಗುವುದು ಹೊಟ್ಟೆಯ ಚರ್ಮ, ಸ್ನಾಯು ಬಿಗಿಗೊಳಿಸುವ ಟಮ್ಮಿ ಟಕ್. ಸೊಂಟದ ಈ ಬದಿಯಿಂದ ಆ ಬದಿಯವರೆಗೆ ಗಾಯದ ಗೆರೆ ಉಳಿಯುತ್ತದೆ, ಇನ್ನೊಂದು ಮಗು ಬೇಕೆಂದಿದ್ದರೆ ಮುಂದೂಡುವುದೇ ಲೇಸು. ಹೊಕ್ಕುಳ ಬಳಿ ಹರ್ನಿಯಾ ಇದ್ದರೆ? ಅದು ಗೊತ್ತಿಲ್ಲದೆ ಕ್ಯಾನುಲಾ ತೂರಿಸಿದರೆ ಕರುಳಿಗೇ ತೂತು. ಸಿಗರೇಟು ಸೇದುವವರ ಗಾಯ ಒಣಗದೆ ಚರ್ಮ ಕಪ್ಪಿಟ್ಟು ಸಾಯಬಹುದು. ವಾರಗಳ ಮುಂಚೆಯೇ ನಿಲ್ಲಿಸಬೇಕು. ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಆಯುರ್ವೇದದ ಪುಡಿಯಾಗಲಿ ಮೀನೆಣ್ಣೆ ಮಾತ್ರೆಯಾಗಲಿ, ತಿನ್ನುವುದೆಲ್ಲ ಹೇಳಬೇಕು. ಇದನ್ನೆಲ್ಲ ಕೈಯಿಟ್ಟು ಒತ್ತಿ, ಕೆಮ್ಮಿಸಿ, ಕೇಳಿ ತಿಳಿಯಬೇಕಾದವರು ಸರ್ಜನ್. ಇನ್ನು ಕನ್ನಡಿಯ ಮುಂದೆ ದಿನವಿಡೀ ನಿಂತು ಇಲ್ಲದ ಕುಂದನ್ನು ಕಾಣುವ ಕಾಯಿಲೆಯೊಂದಿದೆ, ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್. ಸಾಮಾನ್ಯ ಜನರಲ್ಲಿ ನೂರಕ್ಕೆ ಇಬ್ಬರ ಆಸುಪಾಸು; ಕಾಸ್ಮೆಟಿಕ್ ಕ್ಲಿನಿಕ್‌ಗೆ ಬರುವವರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅವರಿಗೆ ಬೇಕಾದದ್ದು ಮನೋವೈದ್ಯರು. ಆಪರೇಷನ್ ಮಾಡಿದರೂ ಅತೃಪ್ತಿ ಇನ್ನೊಂದು ಅಂಗಕ್ಕೆ ಹೋಗಿ ಕೂರುತ್ತದೆ. ಟಾರ್ಗೆಟ್ ಇರುವ ಕೌನ್ಸೆಲರ್ ಇವರನ್ನು ಗುರುತಿಸಿ ವಾಪಸ್ ಕಳಿಸುತ್ತಾರೆಂದು ನಂಬಲು ನಾನು ಸಿದ್ಧವಿಲ್ಲ.

ಅಂದಹಾಗೆ, ‘ಕಾಸ್ಮೆಟಿಕ್ ಸರ್ಜನ್’ ಎಂಬ ಬೋರ್ಡಿಗೆ ಮರುಳಾಗಬೇಡಿ. ನೋಡಬೇಕಾದದ್ದು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ, ಮತ್ತು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಕಾರ್ಯಾಗಾರಕ್ಕೆ ಹೋಗಿ ಕೂತದ್ದು, ಯೂಟ್ಯೂಬ್ ನೋಡಿದ್ದು ಸಾಕಷ್ಟು ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬರೆದು ಹೇಳಬೇಕಾಯಿತು. ಹಾಗೆ ಹೇಳಬೇಕಾಗಿ ಬಂದದ್ದೇ ಪರಿಸ್ಥಿತಿಯ ವಿವರಣೆ. ರೋಗಿಗಳನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ಜಾಹೀರಾತಿನಿಂದ ರೋಗಿಗಳನ್ನು ಸೆಳೆಯುವುದು 2002ರ ವೈದ್ಯಕೀಯ ನೀತಿ ನಿಯಮಾವಳಿಗೇ ವಿರುದ್ಧ.

“ನನ್ನ ದೇಹ, ನನ್ನ ದುಡ್ಡು. ಎರಡು ವಾರ ಕಾಯಿರಿ ಎನ್ನಲು ನೀವು ಯಾರು? ಹೆಣ್ಣುಮಕ್ಕಳಿಗೆ ನಿರ್ಧಾರ ತಗೊಳ್ಳಲು ಬರುವುದಿಲ್ಲವೆಂಬ ಹಳೇ ರಾಗ ಇದು.”

ಬಂದ ಪತ್ರಗಳಲ್ಲಿ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಇದು. ಬರೆದಾಕೆಯ ಸಿಟ್ಟು ನ್ಯಾಯದ್ದು. ಅಪ್ಪನ ಒಪ್ಪಿಗೆ, ಗಂಡನ ಸಹಿ ಎಂದು ಈ ದೇಶದ ಆಸ್ಪತ್ರೆಗಳು ಕೇಳಿಕೊಂಡೇ ಬಂದಿವೆ. ಆದರೆ ನಾನು ಕೇಳಿದ್ದು ಅದನ್ನಲ್ಲವಲ್ಲ. ಯಾಕೆ ಬೇಕು ಎಂದು ಆಕೆ ಯಾರಿಗೂ ಹೇಳಬೇಕಿಲ್ಲ. ನಾನು ತಡೆಯಬೇಕೆಂದದ್ದು ಕ್ಲಿನಿಕ್‌ನ ಅವಸರವನ್ನು. ಫ್ರಾನ್ಸಿನಲ್ಲಿ ಖರ್ಚಿನ ಪಟ್ಟಿ ಕೈಗೆ ಕೊಟ್ಟ ಮೇಲೆ 15 ದಿನ ಕಳೆಯದೆ ಸೌಂದರ್ಯದ ಆಪರೇಷನ್ ಮಾಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2023ರಿಂದ ಕನಿಷ್ಠ ಎರಡು ಭೇಟಿ, ಆಮೇಲೆ ಏಳು ದಿನದ ಬಿಡುವು ಕಡ್ಡಾಯ. ಅಲ್ಲಿನ ಹೆಣ್ಣುಮಕ್ಕಳ ಸ್ವಾತಂತ್ರ್ಯವೇನೂ ಇದರಿಂದ ಕುಂದಿಲ್ಲ. ನಮ್ಮಲ್ಲಿ ಕಾನೂನಿಲ್ಲದಿದ್ದರೂ ಆ ಬಿಡುವನ್ನು ನೀವೇ ತೆಗೆದುಕೊಳ್ಳಬಹುದು.

ನಮ್ಮ ಸುಪ್ರೀಂ ಕೋರ್ಟು ಕೂಡ ನಿಮ್ಮ ಕಡೆಗೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ತಪಾಸಣೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಅದು ಒಪ್ಪಿಗೆಯೇ ಅಲ್ಲ ಎಂದು 2008ರಲ್ಲಿ ಕೋರ್ಟು ಹೇಳಿತು. ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು, ಬೇಡವೆಂದರೆ ಏನಾಗುತ್ತದೆ ಎಂಬುದು ತಿಳಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ. ಆಪರೇಷನ್ ದಿನ ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ಗೌನ್ ತೊಡಿಸಿ ಕೂರಿಸಿ ಆರು ಪುಟದ ಇಂಗ್ಲಿಷ್ ಫಾರ್ಮಿಗೆ ಸಹಿ ತೆಗೆದುಕೊಂಡರೆ ‘ನನ್ನ ದೇಹ, ನನ್ನ ನಿರ್ಧಾರ’ ಎಂಬ ಮಾತಿಗೆ ಎಲ್ಲಿದೆ ಜಾಗ? ಫಾರ್ಮನ್ನು ಮೊದಲ ಭೇಟಿಯಲ್ಲೇ ಕೇಳಿ ಮನೆಗೆ ಒಯ್ಯಿರಿ.

ದೇವರು ಕೊಟ್ಟ ದೇಹಕ್ಕೆ ಕತ್ತರಿ ಹಾಕಬಾರದು ಎನ್ನುವ ಹಿರಿಯರಿಗೆ ನನ್ನದು ಚಿಕ್ಕ ಉತ್ತರ. ಎದೆ ಬೆಳೆದುಬಿಟ್ಟ ಹದಿನೆಂಟರ ಹುಡುಗ ಉಡುಪಿ, ಧರ್ಮಸ್ಥಳಕ್ಕೆ ಹೋದರೆ ಅಂಗಿ ಬಿಚ್ಚಬೇಕಲ್ಲ ಎಂದು ಮನೆಯವರ ಜತೆ ಹೊರಡುವುದನ್ನೇ ಬಿಡುತ್ತಾನೆ. ಅದನ್ನು ಸರಿಪಡಿಸುವ ಆಪರೇಷನ್ ಇದೆ, ಒಳ್ಳೆಯ ಕೈಯಲ್ಲಿ ಚೆನ್ನಾಗಿಯೇ ಆಗುತ್ತದೆ. ಚೇತನಾ ಅಪ್ಪ ಅಮ್ಮನಿಗೆ ಹೇಳದೆ ಹೋಗಿದ್ದರೆಂದು ಸುದ್ದಿಯಾದಾಗ ‘ಅನುಭವಿಸಲಿ’ ಎಂದವರು ನಿಮ್ಮಲ್ಲೇ ಇದ್ದರು. ಮಕ್ಕಳು ಗುಟ್ಟಾಗಿ ಹೋಗುವುದು ಇಂಥ ಬಾಯಿಗಳಿಗೆ ಹೆದರಿ. ಗುಟ್ಟಾಗಿ ಹೋದವರಿಗೆ ರಾತ್ರಿ ಹತ್ತಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

“ಕೊಬ್ಬು ಹೋದರೆ ಶುಗರ್, ಬಿಪಿಯೂ ಇಳಿಯುತ್ತದೆ. ಇದು ಬರೀ ಸೌಂದರ್ಯವಲ್ಲ, ಆರೋಗ್ಯ” ಎಂದೊಬ್ಬರು. ಇದನ್ನು ಪರೀಕ್ಷಿಸಿ ನೋಡಿಯಾಗಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 15 ಬೊಜ್ಜಿನ ಮಹಿಳೆಯರಿಂದ ತಲಾ ಹತ್ತು ಕಿಲೋದಷ್ಟು ಕೊಬ್ಬು ಹೀರಿ ತೆಗೆದು ಕೆಲವು ವಾರಗಳ ಬಳಿಕ ನೋಡಿದರು. ಇನ್ಸುಲಿನ್ ಕೆಲಸವಾಗಲಿ ಬಿಪಿಯಾಗಲಿ ಸುಧಾರಿಸಿರಲಿಲ್ಲ. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆದರೂ ಈ ಮಾತು ಇವತ್ತಿಗೂ ಬಿಕರಿಯಾಗುತ್ತಿದೆ.

“ಇಎಂಐ ಇದೆ, ಮಧ್ಯಮ ವರ್ಗಕ್ಕೂ ಎಟುಕುತ್ತದೆ, ನಿಮ್ಮ ಷರತ್ತುಗಳಿಂದ ದುಬಾರಿಯಾಗುತ್ತದೆ” ಎಂಬುದಕ್ಕೆ: ದುಬಾರಿಯಾಗುವುದು ನಿಮ್ಮ ಪ್ಯಾಕೇಜಿನಲ್ಲಿ ಬರೆಯದೆ ಬಿಟ್ಟ ಖರ್ಚಿನಿಂದ. ಹುಟ್ಟುನ್ಯೂನತೆ, ಗಾಯ ಇತ್ಯಾದಿಗೆ ಮಾಡುವ ಪ್ಲಾಸ್ಟಿಕ್ ಸರ್ಜರಿಗೆ ಜಿಎಸ್‌ಟಿ ಇಲ್ಲ, ಅಂದಕ್ಕಾಗಿ ಮಾಡಿಸಿಕೊಂಡರೆ ಇದೆ. ಆರೋಗ್ಯ ವಿಮೆ ಅಂದದ ಸರ್ಜರಿಗೆ ದುಡ್ಡು ಕೊಡುವುದಿಲ್ಲ. ಸ್ತನಕ್ಕೆ ಇಡುವ ಸಿಲಿಕೋನ್ ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಚೌಕಟ್ಟು ಹಾಕಿ ಮುದ್ರಿಸುವ ಎಚ್ಚರಿಕೆಯಲ್ಲೇ ಹೇಳಿಸಿತು. ಮುಂದೆಂದೋ ತೆಗೆಸುವ, ಬದಲಿಸುವ ಖರ್ಚು, ನಡುನಡುವೆ ಸ್ಕ್ಯಾನ್ ಖರ್ಚು ಯಾವ ಇಎಂಐ ಪಟ್ಟಿಯಲ್ಲಿದೆ? ತೊಡಕಾದರೆ ಮರು ಆಪರೇಷನ್ನಿಗೆ ಯಾರು ದುಡ್ಡು ಕೊಡಬೇಕು ಎಂಬುದು ಮೊದಲೇ ಬರವಣಿಗೆಯಲ್ಲಿ ಇರಲಿ. ಮದುವೆಗೆ ಮೂರು ವಾರವಿದೆ ಎಂದು ಓಡಿಬರುವವರಿಗೂ ಒಂದು ಮಾತು: ಬಾವು ಇಳಿದು ನಿಜವಾದ ಆಕಾರ ಕಾಣಲು ತಿಂಗಳುಗಳೇ ಬೇಕು. ಮುಹೂರ್ತದ ಹೊತ್ತಿಗೆ ಸೀರೆಯೊಳಗೆ ಇರುವುದು ಬಿಗಿ ಬೆಲ್ಟು.

ಕೊನೆಯದಾಗಿ ಒಬ್ಬ ಕ್ಲಿನಿಕ್ ಮಾಲೀಕರ ಮಾತು: “ಸಹಿ ಹಾಕಿದ ಮೇಲೆ ಹೊಣೆ ರೋಗಿಯದೇ.” ಇದು ಬರಿಯ ಬೆದರಿಕೆ. ಒಪ್ಪಿಗೆ ಪತ್ರ ತಿಳಿಸಿ ಹೇಳಿದ ಅಪಾಯಕ್ಕೆ ಸಂಬಂಧಿಸಿದ್ದು; ನಿರ್ಲಕ್ಷ್ಯಕ್ಕೆ ಅದು ರಕ್ಷೆಯಲ್ಲ. ದುಡ್ಡು ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿಯಾಗಿದೆ. ಆಗಲೇ ಆಪರೇಷನ್ ಆಗಿ ತೊಂದರೆಯಲ್ಲಿರುವವರು ಮೊದಲು ಮಾಡಬೇಕಾದದ್ದು ಚಿಕಿತ್ಸೆ ಸಿಗುವ ದೊಡ್ಡ ಆಸ್ಪತ್ರೆಗೆ ಹೋಗುವುದು. ಎರಡನೆಯದು ದಾಖಲೆ ಕೇಳುವುದು: ಆಪರೇಷನ್ ಟಿಪ್ಪಣಿ, ಅರಿವಳಿಕೆಯ ಚಾರ್ಟ್, ಎಷ್ಟು ದ್ರವ ತುಂಬಿಸಿದರು, ಎಷ್ಟು ಹೀರಿದರು ಎಂಬ ಲೆಕ್ಕ, ಇಂಪ್ಲಾಂಟ್ ಇದ್ದರೆ ಅದರ ಸ್ಟಿಕ್ಕರ್, ಡಿಸ್ಚಾರ್ಜ್ ಸಮ್ಮರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮಾವಳಿ ಹೇಳುತ್ತದೆ. ಫೋನಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.